ಪಟ್ಟಿಯಲ್ಲಿ ಯಾರಿರಬೇಕು

2012ರ ಆಗಸ್ಟ್ 1ರ ಬೆಳಗ್ಗೆ ಒಂಬತ್ತೂವರೆಗೆ ನ್ಯೂಯಾರ್ಕ್ ಷೇರುಪೇಟೆ ವಹಿವಾಟು ಆರಂಭಿಸಿತು. ಪಕ್ಕದ ನ್ಯೂಜೆರ್ಸಿಯಲ್ಲಿದ್ದ ನೈಟ್ ಕ್ಯಾಪಿಟಲ್ ಎಂಬ ದೊಡ್ಡ ಬ್ರೋಕರ್ ಕಂಪನಿಯ ಕಂಪ್ಯೂಟರುಗಳು ಸಾಮಾನ್ಯ ಹೂಡಿಕೆದಾರರ 212 ಸಣ್ಣ ಆರ್ಡರ್‌ಗಳನ್ನು ಪೂರೈಸಲು ಹೊರಟವು. ಮುಂದಿನ 45 ನಿಮಿಷಗಳಲ್ಲಿ ಅವು 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರ ಮಾಡಿ ಮುಗಿಸಿದ್ದವು. ಕೈಬದಲಾದ ಷೇರುಗಳು 39 ಕೋಟಿಗೂ ಹೆಚ್ಚು. ಕಂಪನಿ ಕಳೆದುಕೊಂಡದ್ದು 46 ಕೋಟಿ ಡಾಲರ್. ವರ್ಷ ತುಂಬುವುದರೊಳಗೆ ನೈಟ್ ಇನ್ನೊಂದು ಕಂಪನಿಯೊಂದಿಗೆ ವಿಲೀನವಾಯಿತು.

ಆದದ್ದೇನು ಎಂಬುದನ್ನು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟಿದೆ. ಆರ್ಡರ್‌ಗಳನ್ನು ಪೇಟೆಗೆ ರವಾನಿಸುವ ಕೆಲಸವನ್ನು ನೈಟ್‌ನಲ್ಲಿ 8 ಸರ್ವರ್‌ಗಳು ಹಂಚಿಕೊಂಡು ಮಾಡುತ್ತಿದ್ದವು. ಜುಲೈ 27ರಿಂದ ಹಂತಹಂತವಾಗಿ ಅವಕ್ಕೆ ಹೊಸ ಕೋಡ್ ಹಾಕಲಾಯಿತು. ಏಳಕ್ಕೆ ಹಾಕಿದ ತಂತ್ರಜ್ಞರು ಎಂಟನೆಯದಕ್ಕೆ ಹಾಕಲಿಲ್ಲ. ಮತ್ತೊಬ್ಬರು ಬಂದು ಪರಿಶೀಲಿಸಬೇಕೆಂಬ ನಿಯಮ ಅಲ್ಲಿರಲಿಲ್ಲ. ಆ ಎಂಟನೇ ಸರ್ವರ್‌ನಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಉಳಿದುಕೊಂಡಿತ್ತು. ಅದರ ಬಳಕೆ 2003ರಲ್ಲೇ ನಿಂತಿತ್ತು, ಆದರೆ ಅಳಿಸಿರಲಿಲ್ಲ. ಹೊಸ ಕೋಡಿಗೆಂದು ಮರುಬಳಕೆ ಮಾಡಿದ ಸಂಕೇತವೇ ಈ ಹಳೆಯದನ್ನು ಎಬ್ಬಿಸಿತು. ಎದ್ದದ್ದು, ಎಷ್ಟು ಷೇರು ಕೊಂಡಾಯಿತು ಎಂಬ ಲೆಕ್ಕವಿಲ್ಲದೆ ಆರ್ಡರ್ ಕಳಿಸುತ್ತಲೇ ಹೋಯಿತು. ಪೇಟೆ ತೆರೆಯುವ ಮೊದಲೇ ಒಳಗಿನ ವ್ಯವಸ್ಥೆ ಪವರ್ ಪೆಗ್ ಹೆಸರಿದ್ದ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಅವನ್ನು ಎಚ್ಚರಿಕೆಯೆಂದು ಓದುವ ಪದ್ಧತಿ ಇಲ್ಲದ್ದರಿಂದ ಯಾರೂ ಅತ್ತ ಗಮನ ಕೊಡಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಅತಿಯಾಗಿ ಕಾಡುವ ಭಾಗ ಇನ್ನೂ ಮುಂದಿದೆ. ನಷ್ಟ ಏರುತ್ತಿದ್ದಾಗ ಸಿಬ್ಬಂದಿ ಮಾಡಿದ ಪ್ರಯತ್ನಗಳಲ್ಲಿ ಒಂದು, ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದುಹಾಕಿದ್ದು. ಒಂದು ಸರ್ವರ್ ಮಾಡುತ್ತಿದ್ದ ಅನಾಹುತಕ್ಕೆ ಉಳಿದ ಏಳೂ ಸೇರಿಕೊಂಡವು.

ಎಂಟು ಸರ್ವರ್‌ಗಳನ್ನೇ ಕೈಯಾರೆ ನಿಭಾಯಿಸುವುದು ಇಷ್ಟು ಕಷ್ಟವಾದರೆ ಎಂಟು ಸಾವಿರವಿರುವಲ್ಲಿ ಕೇಳುವುದೇ ಬೇಡ. ಹಾಗಾಗಿ ಆ ಕೆಲಸವನ್ನು ತಂತ್ರಾಂಶಕ್ಕೇ ಒಪ್ಪಿಸುವ ಪ್ರಯತ್ನ ಕಳೆದ ಎರಡು ದಶಕಗಳಿಂದ ನಡೆದುಬಂದಿದೆ, ಬಹುಮಟ್ಟಿಗೆ ಗೆದ್ದೂ ಇದೆ. ಆದರೆ ಒಪ್ಪಿಸಿದ ಮಾತ್ರಕ್ಕೆ ಕಷ್ಟ ತೀರಲಿಲ್ಲ, ಬೇರೆ ಜಾಗಕ್ಕೆ ಹೋಗಿ ಕೂತಿತು. ಆ ಜಾಗ ಯಾವುದೆಂದು ತೋರಿಸುವುದು ಈ ಅಧ್ಯಾಯದ ಕೆಲಸ.

ಫೋನಿನಲ್ಲಿ ರೈಲ್ವೆ ಟಿಕೆಟ್ ಬುಕ್ ಮಾಡುವಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವಾಗ, ಹಣ ಕಳಿಸುವಾಗ ನಿಮ್ಮ ಕೋರಿಕೆ ಹೋಗುವುದು ಒಂದೇ ವಿಳಾಸಕ್ಕೆ. ದೊಡ್ಡ ಜಾಲತಾಣಗಳಲ್ಲಿ ಆ ವಿಳಾಸದಲ್ಲಿರುವುದು ಲೋಡ್ ಬ್ಯಾಲೆನ್ಸರ್. ಅದು ಸ್ವತಃ ಟಿಕೆಟ್ ಕೊಡುವುದಿಲ್ಲ, ಅಂಕ ತೋರಿಸುವುದಿಲ್ಲ. ತನ್ನ ಬಳಿಯಿರುವ ಪಟ್ಟಿ ನೋಡಿ, ಹಿಂದಿರುವ ಸರ್ವರ್‌ಗಳಲ್ಲಿ ಒಂದಕ್ಕೆ ಕೋರಿಕೆಯನ್ನು ದಾಟಿಸುತ್ತದೆ, ಅದು ಕೊಟ್ಟ ಉತ್ತರವನ್ನು ನಿಮಗೆ ತಲುಪಿಸುತ್ತದೆ. ಹಿಂದೆ ನಿಂತು ದುಡಿಯುವ ಈ ಸರ್ವರ್‌ಗಳಿಗೆ ಬ್ಯಾಕೆಂಡ್ ಎಂದು ಹೆಸರು.

ಯಾವುದಕ್ಕೆ ದಾಟಿಸಬೇಕು ಎಂಬುದಕ್ಕೆ ಹಲವು ವಿಧಾನಗಳಿವೆ. ಸರದಿಯ ಪ್ರಕಾರ ಕೊಡಬಹುದು, ಆ ಕ್ಷಣಕ್ಕೆ ಕಡಿಮೆ ಕೆಲಸವಿರುವುದಕ್ಕೆ ಕೊಡಬಹುದು. ಮೈಕೆಲ್ ಮಿಟ್ಜೆನ್‌ಮಾಕರ್ 1996ರಲ್ಲಿ ಬರ್ಕ್ಲಿಯಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧದಲ್ಲಿ ಬಹು ಸೊಗಸಾದ ಒಂದು ವಿಚಾರವಿದೆ. ಪಟ್ಟಿಯಿಂದ ಕಣ್ಣುಮುಚ್ಚಿ ಎರಡು ಸರ್ವರ್ ಆರಿಸಿ, ಆ ಎರಡರಲ್ಲಿ ಹೊರೆ ಕಡಿಮೆಯಿರುವುದಕ್ಕೆ ಕೆಲಸ ಕೊಟ್ಟರೆ ಸಾಕು; ಒಂದನ್ನೇ ಕಣ್ಣುಮುಚ್ಚಿ ಆರಿಸುವುದಕ್ಕಿಂತ ಹಂಚಿಕೆ ಎಷ್ಟೋ ಪಾಲು ಸಮವಾಗುತ್ತದೆ. ಎಲ್ಲವನ್ನೂ ಹೋಲಿಸಿ ನೋಡುವ ಶ್ರಮವೇ ಬೇಡ. ಈ ಬಗೆಯ ಗಣಿತ ಪುಸ್ತಕಗಳಲ್ಲಿ ಹೆಚ್ಚು ಜಾಗ ಪಡೆಯುತ್ತದೆ, ನ್ಯಾಯವಾಗಿಯೇ. ಆದರೆ ಹಂಚುವ ಸೂತ್ರ ಎಷ್ಟೇ ಜಾಣತನದ್ದಾಗಿರಲಿ, ಅದು ಪಟ್ಟಿಯನ್ನು ನಂಬಿ ನಡೆಯುತ್ತದೆ. ಪಟ್ಟಿಯಲ್ಲಿ ಸತ್ತ ಸರ್ವರ್‌ನ ಹೆಸರಿದ್ದರೆ ಅದಕ್ಕೂ ಕೆಲಸ ಹೋಗುತ್ತದೆ. ಬದುಕಿರುವುದರ ಹೆಸರು ಬಿಟ್ಟುಹೋದರೆ ಅದು ಸುಮ್ಮನೆ ಕೂತಿರುತ್ತದೆ. ಪಟ್ಟಿಯನ್ನು ಕ್ಷಣಕ್ಷಣವೂ ನಿಜಕ್ಕೆ ಹತ್ತಿರವಾಗಿ ಇಡುವುದೇ ನಿಜವಾದ ಸವಾಲು.

1990ರ ದಶಕದ ಮೊದಲ ಭಾಗದಲ್ಲಿ ಈ ಪಟ್ಟಿ ಇರುತ್ತಿದ್ದದ್ದು ಅಂತರ್ಜಾಲದ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ. ಮೊಸಾಯಿಕ್ ಬ್ರೌಸರ್ ಹುಟ್ಟಿದ ಇಲಿನಾಯ್‌ನ ಸೂಪರ್‌ಕಂಪ್ಯೂಟಿಂಗ್ ಕೇಂದ್ರದ ಜಾಲತಾಣಕ್ಕೆ ಜನ ಮುಗಿಬಿದ್ದಾಗ, ಅಲ್ಲಿನವರು ಒಂದೇ ಹೆಸರಿಗೆ ಹಲವು ಸರ್ವರ್‌ಗಳ ವಿಳಾಸ ಬರೆದು, ಕೇಳಿದವರಿಗೆ ಸರದಿಯಲ್ಲಿ ಒಂದೊಂದನ್ನು ಕೊಡುವ ಏರ್ಪಾಡು ಮಾಡಿದರು. ಅದರ ತೊಂದರೆಯೂ ಬೇಗ ಗೊತ್ತಾಯಿತು. ವಿಳಾಸವನ್ನು ಒಮ್ಮೆ ಪಡೆದವರು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತಾರೆ. ಸರ್ವರ್ ಕೆಟ್ಟರೂ ಆ ನೆನಪು ಅಳಿಯುವವರೆಗೆ ಅಲ್ಲಿಗೇ ಬಂದು ಬಾಗಿಲು ತಟ್ಟುತ್ತಿರುತ್ತಾರೆ. ಹಾಗಾಗಿ ಪಟ್ಟಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಸಾಧನಗಳು ಬಂದವು. ಮೊದಲು ಸಿಸ್ಕೊ, ಎಫ್‌5ನಂಥ ಕಂಪನಿಗಳ ದುಬಾರಿ ಪೆಟ್ಟಿಗೆಗಳು ಬಂದವು. ಆಮೇಲೆ ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶಗಳು ಬಂದವು. ಫ್ರಾನ್ಸಿನ ವಿಲ್ಲಿ ತಾರೋ 2001ರಲ್ಲಿ ಹೊರತಂದ ಎಚ್‌ಎ-ಪ್ರಾಕ್ಸಿ ಅವುಗಳಲ್ಲಿ ಪ್ರಮುಖವಾದದ್ದು. ಇಂದಿಗೂ ಲೋಕದ ಮೂಲೆಮೂಲೆಯಲ್ಲಿ ಅದು ದುಡಿಯುತ್ತಿದೆ.

ಎಚ್‌ಎ-ಪ್ರಾಕ್ಸಿಯಲ್ಲಿ ಪಟ್ಟಿಯೆಂದರೆ ಕಾನ್ಫಿಗ್ ಫೈಲಿನಲ್ಲಿ ಸಾಲಾಗಿ ಬರೆದ ಸರ್ವರ್‌ಗಳ ಹೆಸರು ಮತ್ತು ವಿಳಾಸ. ಹಳೆಯ ಪದ್ಧತಿಯಲ್ಲಿ ಒಂದು ಸರ್ವರ್‌ಗೆ ಹೊಸ ಕೋಡ್ ಹಾಕುವುದನ್ನು ಹತ್ತಿರದಿಂದ ನೋಡೋಣ. ದಟ್ಟಣೆ ಕಡಿಮೆಯಿರುವ ರಾತ್ರಿಯ ಹೊತ್ತು. ಎಂಜಿನಿಯರ್ ಲೋಡ್ ಬ್ಯಾಲೆನ್ಸರ್‌ಗೆ ಲಾಗಿನ್ ಆಗಿ, ಮೂರನೇ ಸರ್ವರ್‌ನ ಸ್ಥಿತಿಯನ್ನು ‘ಡ್ರೈನ್’ಗೆ ಬದಲಿಸುತ್ತಾರೆ. ಕೂಡಲೇ ಅದನ್ನು ನಿಲ್ಲಿಸುವಂತಿಲ್ಲ. ಆಗಷ್ಟೇ ಯಾರೋ ಹಣ ಪಾವತಿಸಿ ಉತ್ತರಕ್ಕೆ ಕಾಯುತ್ತಿರಬಹುದು. ಮದುವೆಮನೆಯ ಊಟದಲ್ಲಿ ಒಂದು ಪಂಕ್ತಿಯನ್ನು ಎತ್ತಬೇಕೆಂದರೆ ಎಲೆಯ ಮುಂದೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಹೊಸಬರನ್ನು ಆ ಸಾಲಿಗೆ ಕೂರಿಸುವುದನ್ನು ನಿಲ್ಲಿಸುತ್ತಾರೆ, ಕೂತವರು ಮಜ್ಜಿಗೆಯನ್ನ ಮುಗಿಸಿ ಏಳುವವರೆಗೆ ಕಾಯುತ್ತಾರೆ. ಡ್ರೈನ್ ಎಂದರೆ ಅಷ್ಟೇ. ಪರದೆಯಲ್ಲಿ ಆ ಸರ್ವರ್‌ನ ಚಾಲ್ತಿ ಸಂಪರ್ಕಗಳ ಸಂಖ್ಯೆ 140, 61, 12 ಎಂದು ಇಳಿಯುತ್ತ ಬಂದು ಸೊನ್ನೆಯಾದ ಮೇಲೆ ಅದನ್ನು ನಿಲ್ಲಿಸಿ, ಕೋಡ್ ಬದಲಿಸಿ, ಮತ್ತೆ ಆರಂಭಿಸಿ, ನಾಲ್ಕೈದು ಪುಟ ತೆರೆದು ನೋಡಿ, ಪಟ್ಟಿಗೆ ಮರಳಿಸುತ್ತಾರೆ. ಮರಳಿಸುವಾಗಲೂ ಪೂರ್ತಿ ಹೊರೆ ಹೊರಿಸುವುದಿಲ್ಲ. ಈಗತಾನೇ ಎದ್ದ ಸರ್ವರ್‌ನಲ್ಲಿ, ಪದೇಪದೇ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಂತೆ ಇಡುವ ಕ್ಯಾಶ್ ಖಾಲಿಯಿರುತ್ತದೆ, ಡೇಟಾಬೇಸ್ ಸಂಪರ್ಕಗಳಿನ್ನೂ ಕೂಡಿರುವುದಿಲ್ಲ. ಮೊದಲು ಸಣ್ಣ ಪಾಲು ಕೊಟ್ಟು, ನಿಧಾನವಾಗಿ ಏರಿಸಬೇಕು. ಇದಿಷ್ಟೂ ಆದ ಮೇಲೆ ನಾಲ್ಕನೇ ಸರ್ವರ್‌ಗೆ ಹೋಗಬೇಕು.

ಪ್ರತಿ ಹೆಜ್ಜೆಯೂ ಸರಳ. ಸರಳವಾದದ್ದನ್ನು ನಿದ್ದೆಗಣ್ಣಿನಲ್ಲಿ ನೂರು ಸಲ ತಪ್ಪಿಲ್ಲದೆ ಮಾಡುವುದು ಮನುಷ್ಯರಿಗೆ ಆಗದ ಕೆಲಸ. ಇದನ್ನು ತಂತ್ರಾಂಶಕ್ಕೆ ಒಪ್ಪಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಒಪ್ಪಿಸುವ ಒಂದು ಸ್ಪಷ್ಟ ಮಾದರಿಯನ್ನು ಏರ್‌ಬಿಎನ್‌ಬಿ ಕಂಪನಿಯ ಎಂಜಿನಿಯರುಗಳು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಸ್ಮಾರ್ಟ್‌ಸ್ಟ್ಯಾಕ್. ಅದರಲ್ಲಿ ಎರಡು ಪುಟ್ಟ ಪ್ರೋಗ್ರಾಮುಗಳಿದ್ದವು. ನರ್ವ್ ಎಂಬುದು ಪ್ರತಿ ಸರ್ವರ್‌ನ ಪಕ್ಕದಲ್ಲೇ ಕೂತು, ಅದು ಆರೋಗ್ಯವಾಗಿದೆಯೇ ಎಂದು ಆಗಾಗ ವಿಚಾರಿಸಿ, ಆರೋಗ್ಯವಾಗಿದ್ದರೆ ಜೂಕೀಪರ್ ಎಂಬ ಸಾಮಾನ್ಯ ದಾಖಲೆಯಲ್ಲಿ ಹೆಸರು ಬರೆಯುತ್ತಿತ್ತು. ಸಿನಾಪ್ಸ್ ಎಂಬುದು ಆ ದಾಖಲೆಯನ್ನು ಗಮನಿಸುತ್ತಿದ್ದು, ಬದಲಾದಾಗ ಎಚ್‌ಎ-ಪ್ರಾಕ್ಸಿಯ ಪಟ್ಟಿಯನ್ನು ತಿದ್ದುತ್ತಿತ್ತು. ಸರ್ವರ್ ಎದ್ದರೆ ಹೆಸರು ತಾನಾಗಿ ಸೇರುತ್ತದೆ, ಬಿದ್ದರೆ ತಾನಾಗಿ ಹೋಗುತ್ತದೆ. ನಡುವೆ ಯಾವ ಎಂಜಿನಿಯರೂ ಫೈಲ್ ತೆರೆಯಬೇಕಿಲ್ಲ. ಇವೆರಡರ ಕೆಲಸದ ಹಂಚಿಕೆ ನನಗೆ ಬಹಳ ಹಿಡಿಸಿದ ಸಂಗತಿ. ನೋಡುವವರು ಬೇರೆ, ಬರೆಯುವವರು ಬೇರೆ, ನಡುವೆ ಇಬ್ಬರೂ ನಂಬುವ ಒಂದು ದಾಖಲೆ.

ಪಟ್ಟಿ ತಾನಾಗಿ ಬದಲಾಗತೊಡಗಿದಾಗ, ಅಲ್ಲಿಯವರೆಗೆ ಯಾರೂ ಲೆಕ್ಕಿಸದಿದ್ದ ಒಂದು ಬಿರುಕು ಮೇಲೆ ಬಂತು. ಎಚ್‌ಎ-ಪ್ರಾಕ್ಸಿ ಹೊಸ ಪಟ್ಟಿಯನ್ನು ಓದಬೇಕೆಂದರೆ ಆಗ ರೀಲೋಡ್ ಮಾಡಬೇಕಿತ್ತು. ಹೊಸ ಪ್ರಕ್ರಿಯೆ ಹುಟ್ಟಿ, ಹಳೆಯದು ಕಿವಿ ಮುಚ್ಚಿಕೊಳ್ಳುವ ನಡುವಿನ ಅತಿ ಸಣ್ಣ ಅವಧಿಯಲ್ಲಿ ಬಂದ ಕೆಲವು ಸಂಪರ್ಕಗಳು ಹಳೆಯದರ ಬಾಗಿಲಲ್ಲೇ ಉಳಿದು ಕಡಿದುಹೋಗುತ್ತಿದ್ದವು. ವಾರಕ್ಕೊಮ್ಮೆ ಕೈಯಿಂದ ರೀಲೋಡ್ ಮಾಡುವಾಗ ಒಂದೆರಡು ಸಂಪರ್ಕ ಕಳೆದರೆ ಯಾರಿಗೂ ತಿಳಿಯುವುದಿಲ್ಲ. ಯಂತ್ರ ದಿನವಿಡೀ ರೀಲೋಡ್ ಮಾಡುತ್ತಿದ್ದರೆ ತಿಳಿಯುತ್ತದೆ. ಸ್ಮಾರ್ಟ್‌ಸ್ಟ್ಯಾಕ್ ಬಳಸುತ್ತಿದ್ದ ಯೆಲ್ಪ್ ಕಂಪನಿಯವರು 2015ರಲ್ಲಿ ಇದಕ್ಕೊಂದು ಚಮತ್ಕಾರದ ಉಪಾಯ ಹುಡುಕಿದರು. ಲಿನಕ್ಸ್ ಕರ್ನಲ್‌ನೊಳಗೆ ಪ್ಯಾಕೆಟ್‌ಗಳು ಹೊರಡುವ ಸಾಲಿಗೆ ಬಿರಡೆ ಹಾಕಿ, ಹೊಸ ಸಂಪರ್ಕ ಕೋರುವ ಪ್ಯಾಕೆಟ್‌ಗಳನ್ನು ಮಾತ್ರ ಕ್ಷಣಕಾಲ ತಡೆದು, ರೀಲೋಡ್ ಮುಗಿದ ಮೇಲೆ ಬಿರಡೆ ತೆಗೆಯುವುದು. ಸಂಪರ್ಕ ಒಂದೂ ಕಡಿಯಲಿಲ್ಲ, ಸ್ವಲ್ಪ ತಡವಾಯಿತು ಅಷ್ಟೆ. 2017ರ ನವೆಂಬರ್‌ನಲ್ಲಿ ಬಂದ ಎಚ್‌ಎ-ಪ್ರಾಕ್ಸಿ 1.8ರಲ್ಲಿ ಹಳೆಯ ಪ್ರಕ್ರಿಯೆ ಸಂಪರ್ಕಗಳು ಬಂದು ಸೇರುವ, ತನ್ನ ಕೈಯಲ್ಲಿರುವ ಸಾಕೆಟ್ಟನ್ನೇ ಹೊಸದಕ್ಕೆ ಹಸ್ತಾಂತರಿಸುವ ವ್ಯವಸ್ಥೆ ಬಂದು, ಬಿರಡೆಯ ಅಗತ್ಯ ತಪ್ಪಿತು. ಮುಂದಿನ ಆವೃತ್ತಿಗಳಲ್ಲಿ ಓಡುತ್ತಿರುವಾಗಲೇ ಸರ್ವರ್ ಸೇರಿಸುವ, ತೆಗೆಯುವ ಆದೇಶಗಳೂ ಬಂದವು.

ಗೂಗಲ್ 2014ರಲ್ಲಿ ಹೊರಗೆ ಬಿಟ್ಟ ಕುಬರ್ನೆಟಿಸ್ ಎಂಬ ತಂತ್ರಾಂಶದಲ್ಲಿ ಇದೇ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಎಂಜಿನಿಯರ್ ‘ಇದನ್ನು ಮಾಡು, ಆಮೇಲೆ ಅದನ್ನು ಮಾಡು’ ಎಂದು ಬರೆಯುವುದಿಲ್ಲ. ‘ಈ ಆವೃತ್ತಿಯ ಹತ್ತು ಪ್ರತಿಗಳು ಯಾವಾಗಲೂ ಓಡುತ್ತಿರಬೇಕು’ ಎಂದು ಆಗಬೇಕಾದ ಸ್ಥಿತಿಯನ್ನು ಬರೆದಿಡುತ್ತಾರೆ. ವ್ಯವಸ್ಥೆ ಇರುವ ಸ್ಥಿತಿಯನ್ನೂ ಇರಬೇಕಾದ ಸ್ಥಿತಿಯನ್ನೂ ಸದಾ ಹೋಲಿಸುತ್ತ, ಅಂತರ ಕಂಡರೆ ಮುಚ್ಚುತ್ತದೆ. ಒಂಬತ್ತಿದ್ದರೆ ಒಂದನ್ನು ಹುಟ್ಟಿಸುತ್ತದೆ. ಏಳು ಹೊಸದು, ಒಂದು ಹಳೆಯದು ಎಂಬ ಪರಿಸ್ಥಿತಿ ಅಲ್ಲಿ ಸುಮ್ಮನೆ ಉಳಿಯಲಾರದು. ಅಂತರ ಮುಚ್ಚುವವರೆಗೆ ಆ ಹೋಲಿಕೆ ಕೆಲಸ ಬಿಡುವುದಿಲ್ಲ.

ಇಲ್ಲಿಯೂ ಒಂದು ಸೂಕ್ಷ್ಮವಿದೆ, ಹೊಸಬರೆಲ್ಲ ಎಡವುವಂಥದು. ಒಂದು ಪ್ರತಿಯನ್ನು ತೆಗೆಯಲು ಹೇಳಿದಾಗ ಕುಬರ್ನೆಟಿಸ್ ಎರಡು ಕೆಲಸಗಳನ್ನು ಒಟ್ಟಿಗೇ ಶುರುಮಾಡುತ್ತದೆ. ಆ ಪ್ರತಿಗೆ ‘ನಿಲ್ಲು’ ಎಂಬ ಸೂಚನೆ ಹೋಗುತ್ತದೆ. ಅದರ ಹೆಸರನ್ನು ಪಟ್ಟಿಯಿಂದ ಅಳಿಸಿದ ಸುದ್ದಿಯೂ ಎಲ್ಲ ಕಂಪ್ಯೂಟರುಗಳಿಗೆ ಹೊರಡುತ್ತದೆ. ಎರಡರಲ್ಲಿ ಯಾವುದು ಮೊದಲು ಮುಟ್ಟುತ್ತದೆಂದು ಹೇಳಲಾಗದು. ಪ್ರತಿ ವಿಧೇಯವಾಗಿ ತಕ್ಷಣ ನಿಂತುಬಿಟ್ಟರೆ, ಸುದ್ದಿ ಇನ್ನೂ ಮುಟ್ಟದ ಕಡೆಯಿಂದ ಅದಕ್ಕೆ ಕೋರಿಕೆಗಳು ಬರುತ್ತಲೇ ಇರುತ್ತವೆ. ಅದಕ್ಕೆ ಅನುಭವಸ್ಥರು ಮಾಡುವ ಉಪಾಯ ನೋಡಲು ತೀರಾ ಸಾದಾ: ನಿಲ್ಲುವ ಮುಂಚೆ ಐದೋ ಹತ್ತೋ ಸೆಕೆಂಡು ಸುಮ್ಮನಿರು ಎಂದು ಬರೆದಿಡುವುದು. ಅಷ್ಟರಲ್ಲಿ ಸುದ್ದಿ ಎಲ್ಲೆಡೆ ಹರಡಿರುತ್ತದೆ. ಹಾಗೆಂದು ಎಷ್ಟು ಹೊತ್ತಾದರೂ ಕಾಯುವಂತಿಲ್ಲ. ಬೇರೇನೂ ಹೇಳದಿದ್ದರೆ 30 ಸೆಕೆಂಡುಗಳ ನಂತರ ವ್ಯವಸ್ಥೆ ಆ ಪ್ರತಿಯನ್ನು ಬಲವಂತವಾಗಿ ಮುಗಿಸುತ್ತದೆ.

ಸೇರಿಸುವುದು, ನಿಲ್ಲಿಸುವುದು ನಾವೇ ಹೇಳಿ ಮಾಡಿಸುವ ಕೆಲಸಗಳು. ಸರ್ವರ್ ತಾನಾಗಿ ಕೆಟ್ಟಾಗ ಏನು? ಅಲ್ಲಿಂದ ಮುಂದೆ ಯಂತ್ರ ತೀರ್ಪುಗಾರನಾಗಬೇಕಾಗುತ್ತದೆ. ಕಷ್ಟ ಬಂದು ಕೂತ ಹೊಸ ಜಾಗ ಇದೇ.

ತೀರ್ಪಿಗೆ ಬಳಸುವ ಸಾಧನ ಹೆಲ್ತ್ ಚೆಕ್. ಲೋಡ್ ಬ್ಯಾಲೆನ್ಸರ್ ಪ್ರತಿ ಸರ್ವರ್ ಅನ್ನು ಆಗಾಗ ‘ಇದ್ದೀಯಾ’ ಎಂದು ಕೇಳುತ್ತದೆ. ಎಚ್‌ಎ-ಪ್ರಾಕ್ಸಿಯಲ್ಲಿ ಬೇರೇನೂ ಹೇಳದಿದ್ದರೆ ಎರಡು ಸೆಕೆಂಡಿಗೊಮ್ಮೆ ಕೇಳುತ್ತದೆ. ಸತತ ಮೂರು ಸಲ ಸರಿಯಾದ ಉತ್ತರ ಬರದಿದ್ದರೆ ಸತ್ತಿದೆಯೆಂದು, ಆಮೇಲೆ ಸತತ ಎರಡು ಸಲ ಬಂದರೆ ಬದುಕಿದೆಯೆಂದು ಬಗೆಯುತ್ತದೆ. ಅಂದರೆ ಸಾವು ಗೊತ್ತಾಗಲು ಸುಮಾರು ಆರು ಸೆಕೆಂಡು ಬೇಕು. ಸೆಕೆಂಡಿಗೆ ಸಾವಿರ ಕೋರಿಕೆ ಬರುವ ತಾಣದಲ್ಲಿ ಹತ್ತು ಸರ್ವರ್‌ಗಳಿದ್ದರೆ ಅಷ್ಟರಲ್ಲಿ ಆರುನೂರು ಕೋರಿಕೆಗಳು ಸತ್ತ ಸರ್ವರ್‌ನ ಪಾಲಾಗಿರುತ್ತವೆ. ಅದು ಸಂಪರ್ಕವನ್ನೇ ನಿರಾಕರಿಸಿದರೆ ಬೇರೆಯದಕ್ಕೆ ಕಳಿಸಿ ನೋಡಬಹುದು. ಸಂಪರ್ಕ ಒಪ್ಪಿಕೊಂಡು ಬಾಯಿ ಬಿಡದೆ ಕೂತರೆ ಅದೂ ಸುಲಭವಲ್ಲ. ಹಾಗಾದರೆ ಇನ್ನೂ ಬೇಗ ಕೇಳಿದರೆ, ಒಂದೇ ತಪ್ಪಿಗೆ ತೆಗೆದುಹಾಕಿದರೆ? ಜಾಲದಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೂ ಆರೋಗ್ಯವಂತ ಸರ್ವರ್ ಹೊರಬೀಳುತ್ತದೆ. ಆತುರ ಮತ್ತು ತಾಳ್ಮೆಗಳ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು.

‘ಇದ್ದೀಯಾ’ ಎಂಬ ಪ್ರಶ್ನೆಗೆ ಸರ್ವರ್ ಏನು ನೋಡಿಕೊಂಡು ಉತ್ತರಿಸಬೇಕು ಎಂಬುದು ಇನ್ನೂ ಗಂಭೀರವಾದದ್ದು. ನಾನು ಓಡುತ್ತಿದ್ದೇನೆ ಎಂದಷ್ಟೇ ಹೇಳಿದರೆ ಸಾಲದು. ಡಿಸ್ಕ್ ತುಂಬಿದ ಸರ್ವರ್ ಓಡುತ್ತಲೇ ಇರುತ್ತದೆ, ಬಂದ ಪ್ರತಿ ಕೋರಿಕೆಗೂ ಕ್ಷಣಾರ್ಧದಲ್ಲಿ ‘ದೋಷ’ ಎಂದು ಮರಳಿಸುತ್ತಿರುತ್ತದೆ. ಇದರ ಅಪಾಯ ವಿಚಿತ್ರವಾದದ್ದು. ಕೆಲಸವನ್ನೇ ಮಾಡದ ಸರ್ವರ್ ಬಲು ಬೇಗ ಮುಗಿಸುತ್ತದೆ, ಹಾಗಾಗಿ ಅದರ ಕೈ ಸದಾ ಖಾಲಿ. ಕೈ ಖಾಲಿಯಿರುವವರಿಗೆ ಕೆಲಸ ಕೊಡುವ ಲೋಡ್ ಬ್ಯಾಲೆನ್ಸರ್ ಕೋರಿಕೆಗಳನ್ನೆಲ್ಲ ಅದರತ್ತಲೇ ಹರಿಸತೊಡಗುತ್ತದೆ. ನೂರರಲ್ಲಿ ಒಂದು ಕೆಟ್ಟರೆ ನೂರಕ್ಕೆ ಒಬ್ಬರಿಗಷ್ಟೇ ತೊಂದರೆ ಎಂಬ ಲೆಕ್ಕ ತಲೆಕೆಳಗಾಗುತ್ತದೆ.

ಹಾಗಾದರೆ ಆಳವಾಗಿ ಪರೀಕ್ಷಿಸೋಣ, ಡೇಟಾಬೇಸ್ ಕೂಡ ಮುಟ್ಟಿನೋಡಿ ಉತ್ತರಿಸಲಿ ಎನ್ನಿಸುವುದು ಸಹಜ. ಈಗ ಡೇಟಾಬೇಸ್ ಹತ್ತು ಸೆಕೆಂಡು ತಡವರಿಸಿತು ಎನ್ನಿ. ಎಲ್ಲ ಸರ್ವರ್‌ಗಳೂ ಒಂದೇ ಡೇಟಾಬೇಸನ್ನು ನೆಚ್ಚಿಕೊಂಡಿವೆ. ಎಲ್ಲವೂ ಒಟ್ಟಿಗೆ ‘ನನಗೆ ಹುಷಾರಿಲ್ಲ’ ಎನ್ನುತ್ತವೆ. ಲೋಡ್ ಬ್ಯಾಲೆನ್ಸರ್ ಪ್ರಾಮಾಣಿಕವಾಗಿ ಎಲ್ಲವನ್ನೂ ಪಟ್ಟಿಯಿಂದ ತೆಗೆಯುತ್ತದೆ. ಹತ್ತು ಸೆಕೆಂಡಿನ ತಡವರಿಕೆ ಇಡೀ ತಾಣದ ಸಾವಾಗುತ್ತದೆ.

ಎಲ್ಲವೂ ಒಟ್ಟಿಗೆ ಬೀಳಬೇಕೆಂದೂ ಇಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆ್ಯಗ್ನರ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಬಗ್ಗೆ ಬರೆದ ಲೇಖನದಿಂದ ಬೆಳೆದ ಸರತಿಸಾಲಿನ ಗಣಿತ ಇದನ್ನು ನಿಚ್ಚಳವಾಗಿ ತೋರಿಸುತ್ತದೆ. ಅದರ ಅತಿ ಸರಳ ಮಾದರಿಯಲ್ಲಿ, ಸರ್ವರ್ ತನ್ನ ಸಾಮರ್ಥ್ಯದ ಅರ್ಧದಷ್ಟು ದುಡಿಯುತ್ತಿದ್ದರೆ, ಕಾಯುವುದೂ ಸೇರಿ ಒಂದು ಕೋರಿಕೆಗೆ ತಗಲುವ ಸರಾಸರಿ ಸಮಯ ಕೆಲಸದ ಸಮಯದ ಎರಡು ಪಟ್ಟು. ಶೇ 80ರಷ್ಟು ದುಡಿಯುತ್ತಿದ್ದರೆ ಐದು ಪಟ್ಟು. ಹತ್ತು ಸರ್ವರ್‌ಗಳು ಶೇ 80ರಲ್ಲಿವೆ, ಪ್ರತಿ ಕೋರಿಕೆಯ ಕೆಲಸ 40 ಮಿಲಿಸೆಕೆಂಡಿನದು ಎಂದಿಟ್ಟುಕೊಳ್ಳಿ. ಉತ್ತರ 200 ಮಿಲಿಸೆಕೆಂಡಿಗೆ ಬರುತ್ತದೆ. ಒಂದನ್ನು ಪಟ್ಟಿಯಿಂದ ತೆಗೆಯಿರಿ. ಉಳಿದ ಒಂಬತ್ತರ ಹೊರೆ ಶೇ 89ಕ್ಕೆ ಏರುತ್ತದೆ, ಸಮಯ ಒಂಬತ್ತು ಪಟ್ಟಾಗಿ 360 ಮಿಲಿಸೆಕೆಂಡಾಗುತ್ತದೆ. ಇನ್ನೊಂದನ್ನು ತೆಗೆದರೆ ಎಂಟೂ ಸರ್ವರ್‌ಗಳು ಶೇ 100ಕ್ಕೆ ಮುಟ್ಟುತ್ತವೆ, ಸಾಲು ಕೊನೆಯಿಲ್ಲದೆ ಬೆಳೆಯುತ್ತದೆ. ಹೆಲ್ತ್ ಚೆಕ್‌ನ ಪ್ರಶ್ನೆಗಳೂ ಅದೇ ಸಾಲಿನಲ್ಲಿ ಕಾಯುತ್ತವೆ. ಸಮಯ ಮೀರಿತು ಎಂದು ಯಂತ್ರ ಮೂರನೆಯದನ್ನೂ ತೆಗೆಯುತ್ತದೆ. ಆಮೇಲೆ ನಡೆಯುವುದು ಕುಸಿತ. ಇಲ್ಲಿ ಯಾವ ಸರ್ವರೂ ಕೆಟ್ಟಿರಲಿಲ್ಲ. ಅವನ್ನು ಸೋಲಿಸಿದ್ದು, ಸೋತಿವೆಯೆಂದು ಕೊಟ್ಟ ತೀರ್ಪು.

ಈ ಪೆಟ್ಟು ತಿಂದವರು ಯಂತ್ರಕ್ಕೆ ಸಂಯಮ ಕಲಿಸಿದರು. ನೆಟ್‌ಫ್ಲಿಕ್ಸ್ 2012ರಲ್ಲಿ ಬಿಡುಗಡೆ ಮಾಡಿದ ಯುರೇಕಾ ಎಂಬ ದಾಖಲೆ ವ್ಯವಸ್ಥೆಯಲ್ಲಿ ಪ್ರತಿ ಸರ್ವರ್ 30 ಸೆಕೆಂಡಿಗೊಮ್ಮೆ ತಾನಿದ್ದೇನೆಂದು ಹೇಳಬೇಕು. 90 ಸೆಕೆಂಡು ಸದ್ದಿಲ್ಲದಿದ್ದರೆ ಹೆಸರು ಅಳಿಯುತ್ತದೆ. ಆದರೆ ಒಟ್ಟಾರೆ ಬರಬೇಕಾದ ಸದ್ದಿನಲ್ಲಿ ಶೇ 85ಕ್ಕಿಂತ ಕಡಿಮೆ ಬಂದರೆ ಯುರೇಕಾ ಅಳಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಅಷ್ಟೊಂದು ಸರ್ವರ್‌ಗಳು ಒಮ್ಮೆಲೇ ಸತ್ತಿರುವುದಕ್ಕಿಂತ, ತನಗೂ ಅವುಗಳಿಗೂ ನಡುವಿನ ದಾರಿ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು ಎಂಬ ತರ್ಕ ಅದರದು. ಲಿಫ್ಟ್ ಕಂಪನಿ 2016ರಲ್ಲಿ ಹೊರತಂದ ಎನ್ವಾಯ್ ಎಂಬ ತಂತ್ರಾಂಶದಲ್ಲೂ ಇಂಥದೇ ಒಂದು ಹೊಸ್ತಿಲಿದೆ. ಆರೋಗ್ಯವಂತರ ಪಾಲು ಅರ್ಧಕ್ಕಿಂತ ಕೆಳಗಿಳಿದರೆ ಅದು ಆರೋಗ್ಯದ ವರದಿಗಳನ್ನು ಬದಿಗಿಟ್ಟು ಎಲ್ಲ ಸರ್ವರ್‌ಗಳಿಗೂ ಕೆಲಸ ಹಂಚುತ್ತದೆ. ತನ್ನ ಕಣ್ಣನ್ನೇ ಸಂಶಯಿಸುವುದನ್ನು ಒಂದು ಯಂತ್ರಕ್ಕೆ ನಾಲ್ಕು ಸಾಲಿನ ಕೋಡಿನಲ್ಲಿ ಕಲಿಸಲು ಸಾಧ್ಯವಾಗಿದೆ ಎಂಬುದು, ನನ್ನ ಮಟ್ಟಿಗೆ, ಈ ಕ್ಷೇತ್ರದ ಅತ್ಯಂತ ಸುಂದರ ಸಾಧನೆ.

ಸರ್ವರ್‌ಗಳ ಸಂಖ್ಯೆಯನ್ನೇ ಬೇಡಿಕೆಗೆ ತಕ್ಕಂತೆ ಏರಿಳಿಸುವ ಆಟೋಸ್ಕೇಲಿಂಗ್‌ಗೂ ಈ ಸಂಯಮ ಬೇಕು. ಬಳಕೆ ಏರಿತೆಂದು ಸರ್ವರ್ ಸೇರಿಸಿ, ಇಳಿಯಿತೆಂದು ಮರುಕ್ಷಣ ತೆಗೆದು, ಮತ್ತೆ ಏರಿತೆಂದು ಸೇರಿಸುತ್ತ ಹೋದರೆ ವ್ಯವಸ್ಥೆ ತೂಗಾಡತೊಡಗುತ್ತದೆ. ಉಗಿಯಂತ್ರದ ವೇಗ ಕಾಯುವ ಗವರ್ನರ್‌ಗಳು ಹೀಗೆ ತೂಗಾಡುವುದೇಕೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತ ಬರೆದಿದ್ದರು. ಕುಬರ್ನೆಟಿಸ್‌ನ ಸ್ಕೇಲರ್ 15 ಸೆಕೆಂಡಿಗೊಮ್ಮೆ ಅಳತೆ ನೋಡುತ್ತದೆ. ಏರಿಸಬೇಕೆಂದರೆ ತಡಮಾಡುವುದಿಲ್ಲ, ಇಳಿಸಬೇಕೆಂದರೆ ಹಿಂದಿನ ಐದು ನಿಮಿಷಗಳನ್ನು ತಿರುಗಿ ನೋಡುತ್ತದೆ. ಹೆಚ್ಚಿಗೆ ಇದ್ದರೆ ಸ್ವಲ್ಪ ದುಡ್ಡು ಹೋಗುತ್ತದೆ, ಕಡಿಮೆ ಬಿದ್ದರೆ ಗ್ರಾಹಕರು ಹೋಗುತ್ತಾರೆ. ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲ.

ಅಳತೆ ನೋಡಿ ಏರಿಸುವುದು ಸಾಲದ ಸಂದರ್ಭಗಳೂ ಇವೆ. ಅದರ ಅತ್ಯುತ್ತಮ ಉದಾಹರಣೆ ನಮ್ಮ ಕ್ರಿಕೆಟ್. 2019ರ ಜುಲೈ 10, ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಸೆಮಿಫೈನಲ್, ನ್ಯೂಜಿಲೆಂಡ್ ವಿರುದ್ಧ ಧೋನಿ ಕ್ರೀಸಿನಲ್ಲಿ. ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತು. ಗಪ್ಟಿಲ್ ಎಸೆದ ಚೆಂಡು ವಿಕೆಟ್‌ಗೆ ಬಡಿದು ಧೋನಿ ರನೌಟ್ ಆದದ್ದೇ ತಡ, ನೋಡುಗರು ಸಾಮೂಹಿಕವಾಗಿ ಎದ್ದುಹೋದರು. ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷದ ಆಸುಪಾಸಿನಷ್ಟೇ ಮಂದಿ ಉಳಿದರು ಎಂದು ಆ ಸಂಸ್ಥೆಯ ಎಂಜಿನಿಯರುಗಳು ಆಮೇಲೆ ವಿವರಿಸಿದ್ದಾರೆ. ವಿಡಿಯೊ ಹೊರೆ ಇಳಿಯಿತು, ಸರ್ವರ್ ತೆಗೆಯಬಹುದು ಎಂದು ಮುಗ್ಧ ಸ್ಕೇಲರ್‌ಗೆ ತೋರುತ್ತದೆ. ನಿಜದಲ್ಲಿ ಆದದ್ದು ಬೇರೆ. ಬೇಸರದಿಂದ ಹಿಂದಕ್ಕೆ ಬಟನ್ ಒತ್ತಿದವರೆಲ್ಲ ಆ್ಯಪ್‌ನ ಮುಖಪುಟಕ್ಕೆ ಬಂದು ಬಿದ್ದರು. ವಿಡಿಯೊ ಬೇಡವೆಂದು ಹೊರಟ ಕೋಟಿ ಜನ ಮುಖಪುಟದ ಸರ್ವರ್‌ಗಳ ಮೇಲೆ ಒಮ್ಮೆಲೇ ಎರಗುವುದನ್ನು ಮೊದಲೇ ಊಹಿಸಿ ಸಿದ್ಧವಾಗಿರಬೇಕಿತ್ತು. ನೋಡುಗರು ನಿಮಿಷಕ್ಕೆ ಹತ್ತು ಲಕ್ಷದಂತೆ ಏರುವಾಗ, ಹೊಸ ಸರ್ವರ್ ಎದ್ದು ಅಣಿಯಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಅವರು ಕ್ಲೌಡ್‌ನ ಸಿದ್ಧ ಆಟೋಸ್ಕೇಲಿಂಗನ್ನು ನೆಚ್ಚದೆ, ನೋಡುಗರ ಸಂಖ್ಯೆಗೆ ಮೆಟ್ಟಿಲು ಮೆಟ್ಟಿಲಾಗಿ ಇಷ್ಟಿಷ್ಟು ಸರ್ವರ್ ಎಂದು ಮೊದಲೇ ಗೊತ್ತುಮಾಡಿ, ಒಂದು ಮೆಟ್ಟಿಲು ಮುಂದಿರುವ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡಿದ್ದರು. ಧೋನಿ ಔಟಾದರೆ ಜನ ಏನು ಮಾಡುತ್ತಾರೆಂಬ ತಿಳಿವಳಿಕೆ ಯಾವ ಹೆಲ್ತ್ ಚೆಕ್‌ನಿಂದಲೂ ಬರುವಂಥದಲ್ಲ.

ಯಂತ್ರದ ತೀರ್ಪು ಎಷ್ಟು ದೂರ ಹೋಗಬಲ್ಲದು ಎಂಬುದು 2025ರ ಅಕ್ಟೋಬರ್ 20ರಂದು ಲೋಕಕ್ಕೆಲ್ಲ ಗೊತ್ತಾಯಿತು. ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್‌ನ ಕೇಂದ್ರಗಳಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯ ವಿಳಾಸವೇ ಮಾಯವಾಯಿತು. ಆ ಸೇವೆಯ ಮುಂದೆ ಅಪಾರ ಸಂಖ್ಯೆಯ ಲೋಡ್ ಬ್ಯಾಲೆನ್ಸರ್‌ಗಳಿವೆ. ಯಾವ ವಿಳಾಸಕ್ಕೆ ಯಾವ ಯಾವುವು ಎಂಬ ಪಟ್ಟಿಯನ್ನು ಒಂದು ಪ್ರೋಗ್ರಾಮ್ ಆಗಾಗ ಸಿದ್ಧಪಡಿಸುತ್ತದೆ, ಇನ್ನೊಂದು ಅದನ್ನು ಡಿಎನ್‌ಎಸ್‌ಗೆ ಬರೆಯುತ್ತದೆ. ಬರೆಯುವ ಪ್ರೋಗ್ರಾಮಿನ ಪ್ರತಿಗಳು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು, ಮೂರು ಕಡೆ ಸ್ವತಂತ್ರವಾಗಿ ಓಡುತ್ತವೆ. ಅಂದು ಒಂದು ಪ್ರತಿ ಅಸಾಧಾರಣವಾಗಿ ತಡವಾಗಿ, ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಉಳಿಯಿತು. ಅಷ್ಟರಲ್ಲಿ ಇನ್ನೊಂದು ಹೊಸ ಪಟ್ಟಿ ಬರೆದು, ತೀರಾ ಹಳೆಯ ಪಟ್ಟಿಗಳನ್ನು ಗುಡಿಸಿಹಾಕಲು ಹೊರಟಿತು. ಸರಿಯಾಗಿ ಆ ಹೊತ್ತಿಗೆ ಮೊದಲನೆಯದು ತನ್ನ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆಯಿತು. ಎರಡನೆಯದು ಅದನ್ನು ಹಳೆಯದೆಂದು ಗುಡಿಸಿತು. ಉಳಿದದ್ದು ಖಾಲಿ ಪಟ್ಟಿ, ಮತ್ತು ತನ್ನಿಂದ ತಾನೇ ಸರಿಪಡಿಸಿಕೊಳ್ಳಲಾಗದೆ ನಿಂತ ವ್ಯವಸ್ಥೆ. ಮನುಷ್ಯರು ಕೈಹಾಕಿ ವಿಳಾಸಗಳನ್ನು ಮರಳಿಸಲು ಎರಡೂವರೆ ಗಂಟೆಗೂ ಹೆಚ್ಚು ಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಡೇಟಾಬೇಸನ್ನು ನೆಚ್ಚಿದ್ದ ಸರ್ವರ್ ಹಂಚಿಕೆಯ ವ್ಯವಸ್ಥೆ ಚೇತರಿಸಿಕೊಳ್ಳುತ್ತಿದ್ದಾಗ, ಹೊಸದಾಗಿ ಹುಟ್ಟಿದ ಸರ್ವರ್‌ಗಳಿಗೆ ಜಾಲದ ಸಂಪರ್ಕ ತಡವಾಗಿ ಸಿಗತೊಡಗಿತು. ಲೋಡ್ ಬ್ಯಾಲೆನ್ಸರ್‌ಗಳ ಹೆಲ್ತ್ ಚೆಕ್‌ಗೆ ಅವು ಒಮ್ಮೆ ಸತ್ತಂತೆ, ಮತ್ತೊಮ್ಮೆ ಬದುಕಿದಂತೆ ಕಂಡವು. ಪಟ್ಟಿಯಿಂದ ತೆಗೆ, ಸೇರಿಸು, ಮತ್ತೆ ತೆಗೆ ಎಂಬ ತೂಗಾಟ ಶುರುವಾಯಿತು. ಆ ಕೆಲಸದ ಹೊರೆಗೆ ಹೆಲ್ತ್ ಚೆಕ್ ವ್ಯವಸ್ಥೆಯೇ ಬಳಲಿ ತಡವರಿಸಿತು. ಅದು ತಡವರಿಸಿದ್ದರಿಂದ ಇಡೀ ಕೇಂದ್ರಗಳೇ ಕೆಟ್ಟಿವೆಯೆಂಬ ತೀರ್ಪು ಹೊರಬಿದ್ದು, ಚೆನ್ನಾಗಿದ್ದ ಸಾಮರ್ಥ್ಯವೂ ಪಟ್ಟಿಯಿಂದ ಹೋಯಿತು. ಅಲ್ಲಿಯ ಪಶ್ಚಿಮ ಕರಾವಳಿಯ ಸಮಯ ಬೆಳಗ್ಗೆ 9.36ಕ್ಕೆ ಎಂಜಿನಿಯರುಗಳು ಹೆಲ್ತ್ ಚೆಕ್ ಆಧರಿಸಿ ತಾನಾಗಿ ತೆಗೆದುಹಾಕುವ ಆ ವ್ಯವಸ್ಥೆಯನ್ನೇ ನಿಲ್ಲಿಸಿದರು. ಚೆನ್ನಾಗಿದ್ದ ಸರ್ವರ್‌ಗಳೆಲ್ಲ ಪಟ್ಟಿಗೆ ಮರಳಿದವು, ಸಂಪರ್ಕಗಳು ಕಡಿಯುವುದು ನಿಂತಿತು. ಹಂಚಿಕೆಯ ವ್ಯವಸ್ಥೆ ಚೇತರಿಸಿಕೊಂಡ ಮೇಲೆ, ಮಧ್ಯಾಹ್ನ 2.09ಕ್ಕೆ ಅದನ್ನು ಮತ್ತೆ ಚಾಲೂ ಮಾಡಿದರು.

ಅಮೆಜಾನ್ ಆಮೇಲೆ ಪ್ರಕಟಿಸಿದ ವರದಿಯ ಪ್ರಕಾರ, ಡೈನಮೊಡಿಬಿಯ ಪಟ್ಟಿ ಸಿದ್ಧಪಡಿಸುವ ಮತ್ತು ಬರೆಯುವ ಆ ಎರಡೂ ಪ್ರೋಗ್ರಾಮುಗಳನ್ನು, ದೋಷ ಸರಿಪಡಿಸುವವರೆಗೆ, ಜಗತ್ತಿನಾದ್ಯಂತ ನಿಲ್ಲಿಸಲಾಯಿತು. ಲೋಡ್ ಬ್ಯಾಲೆನ್ಸರ್‌ಗಳಿಗೂ ಒಂದು ಕಡಿವಾಣ ಹಾಕುವುದಾಗಿ ಆ ವರದಿ ಹೇಳಿತು. ಹೆಲ್ತ್ ಚೆಕ್ ವಿಫಲವಾಗಿ ಒಂದು ಕೇಂದ್ರದಿಂದ ದಟ್ಟಣೆಯನ್ನು ಬೇರೆಡೆಗೆ ತಿರುಗಿಸಬೇಕಾಗಿ ಬಂದಾಗ, ಒಂದು ಲೋಡ್ ಬ್ಯಾಲೆನ್ಸರ್ ಎಷ್ಟು ಸಾಮರ್ಥ್ಯವನ್ನು ಪಟ್ಟಿಯಿಂದ ತೆಗೆಯಬಹುದು ಎಂಬುದಕ್ಕೆ ಮಿತಿ ಇಡುವುದು ಅದರ ಉದ್ದೇಶ.